ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎರಡೂವರೆ ಗಂಟೆ ಸಾಕೇ? ವಿಮಾನದ ದೂರ ಮತ್ತು ಸಮಯದ ನಿಜವಾದ ಲೆಕ್ಕ

"ಮಧ್ಯಾಹ್ನ 2:30ಕ್ಕೆ ಬೆಂಗಳೂರಲ್ಲಿ ವಿಮಾನ ಹತ್ತಿದ್ರೆ ಅದೇ ದಿನ ಸಂಜೆ 5ಕ್ಕೆ ಅಮೆರಿಕದಲ್ಲಿ! ವಾಪಸ್ ಬರೋಕೆ ಮಾತ್ರ 31 ಗಂಟೆ! ಎಲ್ಲಾ ಭೂಮಿ ತಿರುಗೋದರ ಮಹಿಮೆ. ಶೇರ್ ಮಾಡಿ."

ಇಂಥದ್ದೊಂದು ಸಂದೇಶ ನಿಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಬಂದರೆ ಅದನ್ನು ಸುಳ್ಳು ಎಂದು ತಳ್ಳಿಹಾಕುವುದು ಕಷ್ಟ. ಏಕೆಂದರೆ ಅದರಲ್ಲಿರುವ ವೇಳೆ ಸರಿಯಾಗಿಯೇ ಇದೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೋ ನಡುವೆ ನೇರ ವಿಮಾನ ಆರಂಭಿಸಿದಾಗ ಪ್ರಕಟಿಸಿದ ವೇಳಾಪಟ್ಟಿ ಇದೇ ಆಗಿತ್ತು. ತಪ್ಪಿರುವುದು ಅಂಕಿಗಳಲ್ಲಲ್ಲ, ಅವುಗಳಿಂದ ತೆಗೆದ ತೀರ್ಮಾನದಲ್ಲಿ.

ಕೇಳಲು ತಮಾಷೆ ಅನಿಸಿದರೂ ಈ ತಪ್ಪು ದುಬಾರಿಯಾಗಬಹುದು. ಮಗಳನ್ನು ಕರೆತರಲು ಒಂದು ದಿನ ತಡವಾಗಿ ದೇವನಹಳ್ಳಿಗೆ ಹೋಗುವುದು, ಸಕ್ಕರೆ ಕಾಯಿಲೆ ಇರುವ ತಂದೆ ವಿಮಾನದಲ್ಲಿ ಒಂದು ಹೊತ್ತಿನ ಮಾತ್ರೆ ತಪ್ಪಿಸುವುದು, ಎಲ್ಲವೂ ಇದೇ ಗೊಂದಲದಿಂದ ಆಗುವಂಥವು. ಹಾಗಾಗಿ ದೂರ ಎಷ್ಟು, ಸಮಯ ಎಷ್ಟು, ಯಾಕೆ ಎಂಬುದನ್ನು ಒಂದೊಂದಾಗಿ ನೋಡೋಣ.

ಒಂದು ನೋಟದಲ್ಲಿ

• ಎರಡು ವಿಮಾನ ನಿಲ್ದಾಣಗಳ ನಡುವಿನ ಕನಿಷ್ಠ ದೂರ: ಸುಮಾರು 14,000 ಕಿ.ಮೀ. ಇದು ಸುಮಾರು 8,700 ಮೈಲಿ ಅಥವಾ 7,550 ನಾಟಿಕಲ್ ಮೈಲಿಗೆ ಸಮ.
• ಬೆಂಗಳೂರಿನಿಂದ ಹೋಗಲು, ಆರಂಭದ ವೇಳಾಪಟ್ಟಿಯಂತೆ: 16 ಗಂಟೆ.
• ಅಲ್ಲಿಂದ ಬರಲು, ಆರಂಭದ ವೇಳಾಪಟ್ಟಿಯಂತೆ: 17 ಗಂಟೆ 45 ನಿಮಿಷ.
• ಎರಡು ಊರುಗಳ ಗಡಿಯಾರದ ವ್ಯತ್ಯಾಸ: ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ.
• "ಎರಡೂವರೆ ಗಂಟೆ" ಎಂಬುದು ಪ್ರಯಾಣದ ಅವಧಿ ಅಲ್ಲ. ಎರಡು ಊರಿನ ಗೋಡೆ ಗಡಿಯಾರಗಳನ್ನು ಹೋಲಿಸಿದಾಗ ಕಾಣುವ ವ್ಯತ್ಯಾಸ ಅಷ್ಟೇ.

ಎರಡೂವರೆ ಗಂಟೆ ಎಲ್ಲಿಂದ ಬಂತು?

ಟಿಕೆಟ್ಟಿನಲ್ಲಿ ಹೊರಡುವ ವೇಳೆಯನ್ನು ಹೊರಡುವ ಊರಿನ ಗಡಿಯಾರದಂತೆಯೂ, ತಲುಪುವ ವೇಳೆಯನ್ನು ತಲುಪುವ ಊರಿನ ಗಡಿಯಾರದಂತೆಯೂ ಮುದ್ರಿಸುತ್ತಾರೆ. ಜಗತ್ತಿನ ಎಲ್ಲ ವಿಮಾನಗಳಿಗೂ ಇದೇ ಪದ್ಧತಿ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವಾಗ ಎರಡೂ ಊರಿನ ಗಡಿಯಾರ ಒಂದೇ ಆದ್ದರಿಂದ ಇದು ನಮ್ಮ ಗಮನಕ್ಕೇ ಬರುವುದಿಲ್ಲ.

ಕ್ಯಾಲಿಫೋರ್ನಿಯಾದ ಗಡಿಯಾರ ಜನವರಿಯಲ್ಲಿ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದೆ ಇರುತ್ತದೆ. ಬೆಂಗಳೂರಿನಲ್ಲಿ ಮಧ್ಯಾಹ್ನ 2:30 ಆಗಿದ್ದಾಗ ಅಲ್ಲಿ ಅದೇ ದಿನದ ನಡುರಾತ್ರಿ 1 ಗಂಟೆ. ಆಗ ಹೊರಟ ವಿಮಾನ ಅಲ್ಲಿ ಇಳಿಯುವುದು ಸಂಜೆ 5ಕ್ಕೆ. ನಡುರಾತ್ರಿ 1ರಿಂದ ಸಂಜೆ 5ರವರೆಗೆ 16 ಗಂಟೆ. ಅದೇ ನಿಜವಾದ ಪ್ರಯಾಣ. ವಿಮಾನ ಇಳಿಯುವ ಹೊತ್ತಿಗೆ ಬೆಂಗಳೂರಿನಲ್ಲಿ ಮರುದಿನ ಬೆಳಿಗ್ಗೆ 6:30 ಆಗಿರುತ್ತದೆ.

ವಾಪಸ್ ಬರುವಾಗ ಇದೇ ವ್ಯತ್ಯಾಸ ಉಲ್ಟಾ ಕೆಲಸ ಮಾಡುತ್ತದೆ. ಮೊದಲ ವಿಮಾನ ಎಐ 176 ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಡಬೇಕಿದ್ದದ್ದು 2021ರ ಜನವರಿ 9ರ ರಾತ್ರಿ 8:30ಕ್ಕೆ, ಬೆಂಗಳೂರಿಗೆ ಬರಬೇಕಿದ್ದದ್ದು ಜನವರಿ 11ರ ಬೆಳಗಿನ ಜಾವ 3:45ಕ್ಕೆ. ಗಡಿಯಾರ ನೋಡಿದರೆ 31 ಗಂಟೆ 15 ನಿಮಿಷ. ಅದರಲ್ಲಿ ಹದಿಮೂರೂವರೆ ಗಂಟೆ ಕಳೆದರೆ ಉಳಿಯುವುದು 17 ಗಂಟೆ 45 ನಿಮಿಷ. ಅಂದರೆ ಹೋಗುವುದಕ್ಕೂ ಬರುವುದಕ್ಕೂ ಇರುವ ನಿಜವಾದ ವ್ಯತ್ಯಾಸ ಒಂದು ಮುಕ್ಕಾಲು ಗಂಟೆ ಮಾತ್ರ, ಇಪ್ಪತ್ತೊಂಬತ್ತು ಗಂಟೆ ಅಲ್ಲ.

ಜನವರಿ 10 ಎಲ್ಲಿ ಹೋಯಿತು?

9ಕ್ಕೆ ಹೊರಟು 11ಕ್ಕೆ ಇಳಿದವರಿಗೆ ನಡುವಿನ 10ನೇ ತಾರೀಖು ಬಹುಪಾಲು ಆಕಾಶದಲ್ಲೇ ಕಳೆದುಹೋಗುತ್ತದೆ. ಅವರು ಹೊರಡುವಾಗಲೇ ನಮ್ಮಲ್ಲಿ 10ರ ಬೆಳಿಗ್ಗೆ 10 ಗಂಟೆ ಆಗಿರುತ್ತದೆ.

ವಿಮಾನ ನಿಲ್ದಾಣಕ್ಕೆ ಕರೆದೊಯ್ಯಲು ಬರುವವರು ಎಡವುವುದು ಇಲ್ಲೇ. ಅಲ್ಲಿಂದ ಹೊರಡುವ ಮುನ್ನ ಮಗಳು ಫೋನ್ ಮಾಡಿ "ನಾಳಿದ್ದು ಬೆಳಗಿನ ಜಾವ ಇಳಿತೀನಿ" ಅನ್ನುತ್ತಾಳೆ. ಅವಳಿಗೆ ಅಂದು 9ನೇ ತಾರೀಖು, ನಾಳಿದ್ದು ಅಂದರೆ 11. ಫೋನ್ ಎತ್ತಿದ ಅಪ್ಪನಿಗೆ ಅಂದು 10, ಅವರ ಲೆಕ್ಕದಲ್ಲಿ ನಾಳಿದ್ದು ಅಂದರೆ 12. ಇಬ್ಬರೂ ಸರಿಯಾಗಿಯೇ ಮಾತಾಡಿದ್ದಾರೆ, ಆದರೂ ಮಗಳು ಒಂದು ದಿನ ಕಾಯಬೇಕಾಗುತ್ತದೆ. ಅದರ ಮೇಲೆ "11ರ ಬೆಳಗಿನ ಜಾವ 3:45" ಅಂದರೆ ಮನೆಯಿಂದ ಹೊರಡಬೇಕಾದದ್ದು 10ರ ರಾತ್ರಿ ಎಂಬುದನ್ನೂ ಮರೆಯುವವರಿದ್ದಾರೆ.

ಉಪಾಯ ಸರಳ. ಇವತ್ತು, ನಾಳೆ, ನಾಳಿದ್ದು ಎಂಬ ಪದಗಳನ್ನೇ ಬಿಟ್ಟುಬಿಡಿ. ವಾರ, ತಾರೀಖು, "ಬೆಂಗಳೂರು ಸಮಯ" ಎಂಬ ಮೂರನ್ನೂ ಸೇರಿಸಿ ಬರೆದು ಕಳಿಸಿ.

14,000 ಕಿ.ಮೀ. ಎಂದು ಹೇಗೆ ಅಳೆದರು?

ಶಾಲೆಯ ಗೋಡೆಯ ಮೇಲಿನ ವಿಶ್ವ ಭೂಪಟದಲ್ಲಿ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಅದು ಸಮುದ್ರಗಳ ಮೇಲೆ ಅಡ್ಡಡ್ಡ ಹೋಗುತ್ತದೆ. ಹಾಗಿದ್ದೂ ವಿಮಾನ ಉತ್ತರ ಧ್ರುವದ ಕಡೆ ಸುತ್ತು ಹಾಕುವುದೇಕೆ ಎಂದು ಹಲವರು ಕೇಳುತ್ತಾರೆ. ನಿಜದಲ್ಲಿ ಸುತ್ತು ಹಾಕುವುದು ಭೂಪಟದ ಗೆರೆ, ವಿಮಾನವಲ್ಲ.

ಭೂಮಿ ಗೋಳ, ಭೂಪಟ ಚಪ್ಪಟೆ. ಮೂಸಂಬಿಯ ಸಿಪ್ಪೆ ಸುಲಿದು ಮೇಜಿನ ಮೇಲೆ ಒತ್ತಿದರೆ ಅದು ಹರಿಯುತ್ತದೆ ಅಥವಾ ಹಿಗ್ಗುತ್ತದೆ. ಭೂಪಟದಲ್ಲೂ ಅದೇ ಆಗುತ್ತದೆ. 1569ರಲ್ಲಿ ಮರ್ಕೇಟರ್ ರೂಪಿಸಿದ ಪ್ರಸಿದ್ಧ ನಕ್ಷೆಯಲ್ಲಿ ಧ್ರುವದ ಹತ್ತಿರ ಹೋದಂತೆ ನೆಲ ವಿಪರೀತ ಹಿಗ್ಗುತ್ತದೆ. ಅದರಲ್ಲಿ ಗ್ರೀನ್‌ಲ್ಯಾಂಡ್ ಹೆಚ್ಚುಕಡಿಮೆ ಆಫ್ರಿಕಾದಷ್ಟು ದೊಡ್ಡದಾಗಿ ಕಾಣುತ್ತದೆ. ವಾಸ್ತವದಲ್ಲಿ ಆಫ್ರಿಕಾ ಅದಕ್ಕಿಂತ ಸುಮಾರು 14 ಪಟ್ಟು ದೊಡ್ಡದು.

ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಒಂದು ದಾರ ತೆಗೆದುಕೊಳ್ಳಿ. ಒಂದು ತುದಿಯನ್ನು ಬೆಂಗಳೂರಿನ ಮೇಲೆ, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಇಟ್ಟು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಉತ್ತರಕ್ಕೆ ಸರಿಯುತ್ತದೆ. ನೇಪಾಳ, ಟಿಬೆಟ್, ಮಂಗೋಲಿಯಾ, ಸೈಬೀರಿಯಾ, ಅಲಾಸ್ಕಾ ದಾಟಿ ಪೆಸಿಫಿಕ್ ಕರಾವಳಿಗುಂಟ ಕೆಳಗಿಳಿಯುತ್ತದೆ. ಗೋಳದ ಮೇಲಿನ ಎರಡು ಬಿಂದುಗಳ ನಡುವಿನ ಅತಿ ಹತ್ತಿರದ ದಾರಿ ಇದೇ. ಇದಕ್ಕೆ ಮಹಾವೃತ್ತದ ದಾರಿ ಎನ್ನುತ್ತಾರೆ. ಇದರ ಉದ್ದ ಸುಮಾರು 14,000 ಕಿ.ಮೀ. ಮರ್ಕೇಟರ್ ನಕ್ಷೆಯ ಮೇಲೆ ಪೆಸಿಫಿಕ್ ಸಾಗರ ದಾಟುವಂತೆ ಎಳೆದ ನೇರ ಗೆರೆಯನ್ನೇ ಹಿಡಿದು ಹಾರಿದರೆ ದೂರ ಸುಮಾರು 16,100 ಕಿ.ಮೀ. ಆಗುತ್ತದೆ. ಅಂದರೆ ಎರಡು ಗಂಟೆಗೂ ಹೆಚ್ಚಿನ ವ್ಯರ್ಥ ಹಾರಾಟ.

ಭೂಮಿಯ ಮೇಲೆ ಯಾವುದೇ ಎರಡು ಊರುಗಳ ನಡುವಿನ ಕನಿಷ್ಠ ದೂರ ಸುಮಾರು 20,000 ಕಿ.ಮೀ. ಮೀರಲಾರದು. ಅದು ಭೂಮಿಯ ಅರ್ಧ ಸುತ್ತಳತೆ. ನಮ್ಮ ಈ ಎರಡು ಊರುಗಳ ನಡುವಿನ ದೂರ ಅದಕ್ಕಿಂತ ಕಡಿಮೆ, ಸುಮಾರು 14,000 ಕಿ.ಮೀ. ಸಿಂಗಪುರದಿಂದ ನ್ಯೂಯಾರ್ಕ್‌ಗೆ ಹಾರುವ ವಿಮಾನದ ದಾರಿ ಇದಕ್ಕಿಂತಲೂ ಉದ್ದ, ಸುಮಾರು 15,300 ಕಿ.ಮೀ.

ವಿಮಾನ ಆ ದಾರದ ಮೇಲೆಯೇ ಹಾರುತ್ತದೆಯೇ?

ಯಾವಾಗಲೂ ಇಲ್ಲ. ಮಹಾವೃತ್ತದ ದಾರಿ ಲೆಕ್ಕದ ಕನಿಷ್ಠ ದೂರ. ನಿಜವಾದ ದಾರಿಯನ್ನು ಅಂದಿನ ಗಾಳಿ, ಕೆಳಗಿನ ನೆಲ, ದೇಶಗಳ ಅನುಮತಿ, ತುರ್ತಿಗೆ ಇಳಿಯಲು ಇರುವ ನಿಲ್ದಾಣಗಳು ಇವೆಲ್ಲವನ್ನೂ ನೋಡಿ ಆರಿಸುತ್ತಾರೆ.

ಮೊದಲ ಅಡ್ಡಿ ಟಿಬೆಟ್. ವಿಮಾನದ ಒಳಗಿನ ಗಾಳಿಯ ಒತ್ತಡ ಇದ್ದಕ್ಕಿದ್ದಂತೆ ಇಳಿದರೆ ಪೈಲಟ್ ಕೂಡಲೇ ಸುಮಾರು 10,000 ಅಡಿಗೆ, ಅಂದರೆ ಮನುಷ್ಯರು ಸಹಜವಾಗಿ ಉಸಿರಾಡಬಲ್ಲ ಎತ್ತರಕ್ಕೆ ಇಳಿಸಬೇಕು. ಪ್ರಯಾಣಿಕರ ಮುಖವಾಡದಲ್ಲಿ ಆಮ್ಲಜನಕ ಬರುವುದು ಕೆಲವೇ ನಿಮಿಷ. ಆದರೆ ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ 14,000 ಅಡಿಗಿಂತ ಹೆಚ್ಚು. ಇಳಿಯಲು ಜಾಗವೇ ಇಲ್ಲ. ಲಾಸಾಗೆ ಹೋಗುವಂಥ ವಿಶೇಷ ಸಿದ್ಧತೆಯ ವಿಮಾನಗಳನ್ನು ಬಿಟ್ಟರೆ ಉಳಿದವು ಸಾಮಾನ್ಯವಾಗಿ ಅದನ್ನು ಬಳಸಿ ಹೋಗುತ್ತವೆ. ಇದರಲ್ಲಿ ಪವಾಡವೂ ಇಲ್ಲ, ನಿಗೂಢ ಶಕ್ತಿಯೂ ಇಲ್ಲ.

ಎರಡನೆಯದು ಉತ್ತರ ಧ್ರುವ. "ಧ್ರುವದ ಮೇಲೆ ವಿಮಾನ ಹಾರಲಾಗದು, ಅಯಸ್ಕಾಂತ ಎಳೆದುಕೊಳ್ಳುತ್ತದೆ" ಎಂಬ ಮಾತೂ ಕೇಳಿಬರುತ್ತದೆ. ಇದು ಸುಳ್ಳು. 2021ರ ಆ ಮೊದಲ ವಿಮಾನ ಉತ್ತರ ಧ್ರುವದ ಮೇಲಿಂದಲೇ ಬೆಂಗಳೂರಿಗೆ ಬಂತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಕಾಕ್‌ಪಿಟ್‌ನಲ್ಲಿದ್ದ ನಾಲ್ವರೂ ಮಹಿಳೆಯರೇ. ವಿಮಾನ ಬೋಯಿಂಗ್ 777-200ಎಲ್‌ಆರ್. ಲೆಕ್ಕ ಹಾಕಿದರೆ ಸರಿಯಾಗಿ ಧ್ರುವದ ಮೇಲೆಯೇ ಹೋದರೂ ದೂರ ಸುಮಾರು 14,400 ಕಿ.ಮೀ. ಆಗುತ್ತದೆ, ಕನಿಷ್ಠ ದೂರಕ್ಕಿಂತ 400 ಕಿ.ಮೀ. ಮಾತ್ರ ಹೆಚ್ಚು.

ಧ್ರುವದಲ್ಲಿ ಕಾಂತೀಯ ದಿಕ್ಸೂಚಿ ನಂಬಲರ್ಹವಲ್ಲ ಎಂಬುದು ನಿಜ. ಅದಕ್ಕೇ ಜಿಪಿಎಸ್ ಮತ್ತು ಜಡತ್ವ ಆಧಾರಿತ ಉಪಕರಣಗಳನ್ನು ಬಳಸುತ್ತಾರೆ. ಅಲ್ಲಿನ ನಿಜವಾದ ಸವಾಲುಗಳು ಬೇರೆ. ವಿಮಾನದ ಇಂಧನ ಮೈನಸ್ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಇನ್ನೊಂದು ಬಗೆಯದಾದರೆ ಮೈನಸ್ 47ರ ಹತ್ತಿರ, ಹೆಪ್ಪುಗಟ್ಟಲು ಶುರುವಾಗಬಹುದು. ಹಾಗಾಗಿ ಟ್ಯಾಂಕಿನ ತಾಪಮಾನದ ಮೇಲೆ ಕಣ್ಣಿಡುತ್ತಾರೆ. ಸೌರ ಬಿರುಗಾಳಿ ಎದ್ದ ದಿನಗಳಲ್ಲಿ ರೇಡಿಯೊ ಸಂಪರ್ಕ ಕೆಡಬಹುದೆಂದು ದಾರಿಯನ್ನೇ ಬದಲಿಸುತ್ತಾರೆ.

ತುರ್ತಿಗೆ ಇಳಿಯಲು ನಿಲ್ದಾಣ ಹತ್ತಿರವಿರುವುದು ಎಷ್ಟು ಮುಖ್ಯ ಎಂಬುದಕ್ಕೆ 2023ರ ಜೂನ್ 6ರ ಘಟನೆ ಸಾಕ್ಷಿ. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಪೂರ್ವ ತುದಿಯ ಮಗದಾನ್ ಎಂಬ ಊರಲ್ಲಿ ಸುರಕ್ಷಿತವಾಗಿ ಇಳಿಯಿತು. ಅಮೆರಿಕಕ್ಕೆ ಹೊರಟವರು ಸೈಬೀರಿಯಾದ ಕಡೆ ಯಾಕೆ ಹೋದರು ಎಂದು ಆಗ ಅಚ್ಚರಿಪಟ್ಟವರಿಗೆ ಗ್ಲೋಬಿನ ಮೇಲಿನ ದಾರವೇ ಉತ್ತರ.

ಭೂಮಿ ತಿರುಗುವುದರಿಂದ ಬೇಗ ತಲುಪುತ್ತೇವೆಯೇ?

ಈ ವಿಷಯದಲ್ಲಿ ಎರಡು ಬಗೆಯ ಮಾತು ಹರಿದಾಡುತ್ತದೆ. ಒಂದು, ಭೂಮಿ ಪೂರ್ವಕ್ಕೆ ತಿರುಗುವುದರಿಂದ ಪೂರ್ವಕ್ಕೆ ಹೋಗುವ ವಿಮಾನಕ್ಕೆ ಅದು ಸಹಾಯ ಮಾಡುತ್ತದೆ ಎಂಬುದು. ಇನ್ನೊಂದು, ಹೆಲಿಕಾಪ್ಟರ್‌ನಲ್ಲಿ ಮೇಲೆ ಹೋಗಿ ಸುಮ್ಮನೆ ನಿಂತರೆ ಸಾಕು, ಭೂಮಿ ಕೆಳಗೆ ತಿರುಗಿ ಅಮೆರಿಕವೇ ನಮ್ಮಲ್ಲಿಗೆ ಬರುತ್ತದೆ ಎಂಬುದು. ಇವೆರಡೂ ಒಟ್ಟಿಗೆ ನಿಜವಾಗಲು ಸಾಧ್ಯವೇ ಇಲ್ಲ. ಮೊದಲನೆಯದರಂತೆ ಪೂರ್ವಕ್ಕೆ ಲಾಭ, ಎರಡನೆಯದರಂತೆ ಪಶ್ಚಿಮಕ್ಕೆ ಲಾಭ. ವಾಸ್ತವದಲ್ಲಿ ಎರಡೂ ತಪ್ಪು.

ಬೆಂಗಳೂರಿನ ನೆಲ ಭೂಮಿಯ ಜೊತೆ ಗಂಟೆಗೆ ಸುಮಾರು 1,630 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ತಿರುಗುತ್ತಿದೆ. ಆದರೆ ಅದರ ಮೇಲಿನ ಗಾಳಿ, ಮೋಡ, ಹಕ್ಕಿ, ವಿಮಾನ, ನಾವು ಎಲ್ಲವೂ ಅದೇ ವೇಗದಲ್ಲಿ ಜೊತೆಗೇ ಸಾಗುತ್ತಿದ್ದೇವೆ. ಓಡುವ ಬಸ್ಸಿನೊಳಗೆ ನಾಣ್ಯ ಚಿಮ್ಮಿದರೆ ಅದು ನಿಮ್ಮ ಕೈಗೇ ಬೀಳುತ್ತದೆ, ಹಿಂದಿನ ಸೀಟಿನವರ ತಲೆಗಲ್ಲ.

ಹೆಲಿಕಾಪ್ಟರ್ ಲೆಕ್ಕ ನಿಜವಾಗಿದ್ದರೆ ಏನಾಗಬೇಕಿತ್ತು ನೋಡಿ. ಬೆಂಗಳೂರಿನ ಮದುವೆ ಮಂಟಪದ ಮೇಲೆ ವಿಡಿಯೊ ತೆಗೆಯಲು ಹಾರಿಸಿದ ಡ್ರೋನ್ 11 ನಿಮಿಷದಲ್ಲಿ ಮಂಗಳೂರಿನ ಮೇಲೆ ಇರಬೇಕಿತ್ತು. ಹಾಗೆ ಎಂದೂ ಆಗಿಲ್ಲ. ಡ್ರೋನ್ ಮುಹೂರ್ತ ಮುಗಿಯುವವರೆಗೂ ಮಂಟಪದ ಮೇಲೆಯೇ ಇರುತ್ತದೆ.

ನಿಜವಾದ ಕಾರಣ: ಎತ್ತರದ ಗಾಳಿ

ಹಾಗಾದರೆ ಹೋಗುವಾಗ 16 ಗಂಟೆ, ಬರುವಾಗ 17 ಮುಕ್ಕಾಲು ಯಾಕೆ? ಮುಖ್ಯ ಕಾರಣ ಜೆಟ್ ಸ್ಟ್ರೀಮ್. ಸುಮಾರು 30,000ದಿಂದ 40,000 ಅಡಿ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ನದಿಯಂತೆ ಹರಿಯುವ ಬಲವಾದ ಗಾಳಿ ಇದು. ಚಳಿಗಾಲದಲ್ಲಿ, ಅದರಲ್ಲೂ ಜಪಾನ್ ಮತ್ತು ಉತ್ತರ ಪೆಸಿಫಿಕ್ ಮೇಲೆ, ಇದರ ವೇಗ ಗಂಟೆಗೆ 300 ಕಿ.ಮೀ. ಮೀರುವುದುಂಟು.

ಹೊಳೆ ಹರಿಯುವ ದಿಕ್ಕಿನಲ್ಲಿ ತೆಪ್ಪ ಬೇಗ ಸಾಗುತ್ತದೆ, ಎದುರು ಸಾಗಲು ಹೆಚ್ಚು ಹುಟ್ಟು ಹಾಕಬೇಕು. ವಿಮಾನವೂ ಹಾಗೆಯೇ. ಗಂಟೆಗೆ 900 ಕಿ.ಮೀ. ವೇಗದಲ್ಲಿ 14,000 ಕಿ.ಮೀ. ಹಾರಲು ಸುಮಾರು ಹದಿನೈದೂವರೆ ಗಂಟೆ ಬೇಕು. ದಾರಿಯುದ್ದಕ್ಕೂ ಸರಾಸರಿ 50 ಕಿ.ಮೀ. ವೇಗದ ಗಾಳಿ ಹಿಂದಿನಿಂದ ತಳ್ಳಿದರೆ 14 ಮುಕ್ಕಾಲು ಗಂಟೆ ಸಾಕು. ಅದೇ ಗಾಳಿ ಎದುರಾದರೆ ಹದಿನಾರೂವರೆ ಗಂಟೆ ಹಿಡಿಯುತ್ತದೆ. ಇದರ ಮೇಲೆ ರನ್‌ವೇಗೆ ಸಾಗುವ, ಏರುವ, ಇಳಿಯುವ, ಬಳಸು ದಾರಿಯ ಸಮಯ ಸೇರುತ್ತದೆ. ಎದುರುಗಾಳಿ ಜೋರಿದ್ದಾಗ ದೂರ ಸ್ವಲ್ಪ ಹೆಚ್ಚಾದರೂ ಗಾಳಿ ಕಡಿಮೆ ಇರುವ ಉತ್ತರದ ದಾರಿ ಹಿಡಿಯುವುದೇ ಲಾಭ. ಆದ್ದರಿಂದ ಹತ್ತಿರದ ದಾರಿಯೇ ಬೇಗ ತಲುಪಿಸುವ ದಾರಿ ಆಗಬೇಕೆಂದಿಲ್ಲ.

ಗಾಳಿಯ ಬಲಕ್ಕೆ ಒಳ್ಳೆಯ ಉದಾಹರಣೆ 2020ರ ಫೆಬ್ರವರಿಯದು. ಕಿಯಾರಾ ಬಿರುಗಾಳಿಯ ಸಮಯದಲ್ಲಿ ಬ್ರಿಟಿಷ್ ಏರ್‌ವೇಸ್ ವಿಮಾನವೊಂದು ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ತಲುಪಿತು. ನೆಲಕ್ಕೆ ಹೋಲಿಸಿದರೆ ಅದರ ವೇಗ ಗಂಟೆಗೆ 1,300 ಕಿ.ಮೀ. ದಾಟಿತ್ತು. "ಶಬ್ದದ ವೇಗ ಮೀರಿದ ವಿಮಾನ" ಎನ್ನುವಂತಿಲ್ಲ. ಅದು ಸುತ್ತಲಿನ ಗಾಳಿಯೊಳಗೆ ಎಂದಿನ ವೇಗದಲ್ಲೇ ಹಾರುತ್ತಿತ್ತು, ಗಾಳಿಯೇ ಅದನ್ನು ಹೊತ್ತು ಓಡುತ್ತಿತ್ತು.

ನಿಮ್ಮ ದೇಹ ಯಾವ ಗಡಿಯಾರ ನೋಡುತ್ತದೆ?

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೊರಟ ಹಿರಿಯರು ಈ ಭಾಗವನ್ನು ಓದಲೇಬೇಕು. ಗೋಡೆ ಗಡಿಯಾರ ಎರಡೂವರೆ ಗಂಟೆ ಎಂದರೂ ದೇಹ 16 ಗಂಟೆ ಕಳೆದಿರುತ್ತದೆ.

ಮಾತ್ರೆ: ದಿನವೂ ರಾತ್ರಿ 8ಕ್ಕೆ ಮಾತ್ರೆ ನುಂಗುವವರು "ಹೇಗೂ ಸಂಜೆ 5ಕ್ಕೆ ಇಳಿಯುತ್ತೇವಲ್ಲ, ಅಲ್ಲಿಯ 8 ಗಂಟೆಗೆ ತೆಗೆದುಕೊಂಡರಾಯಿತು" ಎಂದುಕೊಂಡರೆ ಆ ಮಾತ್ರೆ ಹದಿಮೂರೂವರೆ ಗಂಟೆ ತಡವಾಗುತ್ತದೆ. ವಿಮಾನದಲ್ಲಿರುವಾಗ ಕೈಗಡಿಯಾರವನ್ನು ಭಾರತದ ಸಮಯದಲ್ಲೇ ಇಟ್ಟುಕೊಳ್ಳಿ. ಎರಡು ಡೋಸ್‌ಗಳ ನಡುವೆ ಎಷ್ಟು ಗಂಟೆ ಕಳೆಯಿತು ಎಂಬುದನ್ನು ನೋಡಿ. ಅಲ್ಲಿಗೆ ಹೋದ ಮೇಲೆ ಹೊಸ ವೇಳೆಗೆ ಹೇಗೆ ಬದಲಿಸಬೇಕು ಎಂದು ಹೊರಡುವ ಮೊದಲೇ ಟಿಕೆಟ್ ತೋರಿಸಿ ವೈದ್ಯರನ್ನು ಕೇಳಿ. ಇನ್ಸುಲಿನ್ ತೆಗೆದುಕೊಳ್ಳುವವರು ಪ್ರಮಾಣವನ್ನು ತಾವಾಗಿ ಬದಲಿಸಬಾರದು. ಇನ್ಸುಲಿನ್ ಮತ್ತು ಮಾತ್ರೆಗಳು ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲೇ ಇರಲಿ. ಲಗೇಜ್ ತಪ್ಪಿಹೋಗಬಹುದು, ಸರಕಿನ ಭಾಗದ ಚಳಿಗೆ ಇನ್ಸುಲಿನ್ ಕೆಡಬಹುದು.

ಕಾಲು: ನಾಲ್ಕು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಕೂತು ಪ್ರಯಾಣಿಸಿದರೆ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿ ಹೇಳಿದೆ. ಆರೋಗ್ಯವಂತರಲ್ಲಿ ಇದು ಸುಮಾರು 6,000 ಜನರಲ್ಲಿ ಒಬ್ಬರಿಗೆ ಆಗುವಂಥದ್ದು. ಹೆದರಿ ಪ್ರಯಾಣ ಬಿಡಬೇಕಿಲ್ಲ, ಆದರೆ ಆಗಾಗ ಎದ್ದು ಓಡಾಡಿ, ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸಿ, ನೀರು ಕುಡಿಯಿರಿ. ಮೊದಲು ಹೆಪ್ಪುಗಟ್ಟಿದ್ದವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು, ಗರ್ಭಿಣಿಯರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಮೊದಲೇ ವೈದ್ಯರನ್ನು ಕಾಣಬೇಕು. ಪ್ರಯಾಣದ ನಂತರ, ಕೆಲವು ವಾರಗಳಾದರೂ ಸರಿ, ಒಂದು ಕಾಲು ಮಾತ್ರ ಊದಿ ನೋಯುವುದು, ಹಠಾತ್ ಉಸಿರುಕಟ್ಟುವುದು, ಎದೆನೋವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ನೀವೇ ಲೆಕ್ಕ ಹಾಕುವುದು ಹೇಗೆ?

1. ಎರಡೂ ವೇಳೆಯನ್ನು ಭಾರತದ ಸಮಯಕ್ಕೆ ತನ್ನಿ, ಆಮೇಲೆ ಕಳೆಯಿರಿ. ಬಂದದ್ದೇ ನಿಜವಾದ ಪ್ರಯಾಣದ ಅವಧಿ.
2. ಸ್ಯಾನ್ ಫ್ರಾನ್ಸಿಸ್ಕೋ ಸಮಯ ತಿಳಿಯಲು ನಮ್ಮ ಗಡಿಯಾರದಲ್ಲಿ ಹಗಲು ರಾತ್ರಿ ಅದಲುಬದಲು ಮಾಡಿ, ಚಳಿಗಾಲದಲ್ಲಿ ಒಂದೂವರೆ ಗಂಟೆ, ಬೇಸಿಗೆಯಲ್ಲಿ ಅರ್ಧ ಗಂಟೆ ಕಳೆಯಿರಿ. ನಮ್ಮಲ್ಲಿ ಸಂಜೆ 6 ಆಗಿದ್ದರೆ ಅಲ್ಲಿ ಚಳಿಗಾಲದಲ್ಲಿ ಬೆಳಗಿನ 4:30, ಬೇಸಿಗೆಯಲ್ಲಿ 5:30.
3. ಅಮೆರಿಕದ ಗಡಿಯಾರ ಮಾರ್ಚ್‌ನ ಎರಡನೇ ಭಾನುವಾರ ಒಂದು ಗಂಟೆ ಮುಂದಕ್ಕೂ, ನವೆಂಬರ್‌ನ ಮೊದಲ ಭಾನುವಾರ ಒಂದು ಗಂಟೆ ಹಿಂದಕ್ಕೂ ಹೋಗುತ್ತದೆ. ಈ ದಿನಗಳ ಆಸುಪಾಸಿನ ಪ್ರಯಾಣದಲ್ಲಿ ಎರಡು ಬಾರಿ ನೋಡಿ.
4. ದೂರ ಓದುವಾಗ ಅದು ಕಿಲೋಮೀಟರೋ, ಮೈಲಿಯೋ, ನಾಟಿಕಲ್ ಮೈಲಿಯೋ ಗಮನಿಸಿ. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿ.ಮೀ. ಒಂದೇ ದಾರಿಗೆ ಮೂರು ಬೇರೆ ಬೇರೆ ಸಂಖ್ಯೆ ಕಾಣಲು ಸಾಮಾನ್ಯ ಕಾರಣ ಇದೇ.
5. ವಿಮಾನಗಳ ವೇಳೆ, ದಾರಿ, ಸೇವೆ ಆಗಾಗ ಬದಲಾಗುತ್ತವೆ. ಹಳೆಯ ಸ್ಕ್ರೀನ್‌ಶಾಟ್ ನಂಬಬೇಡಿ, ನಿಮ್ಮ ಟಿಕೆಟ್ಟಿನಲ್ಲಿರುವ ವೇಳೆಯನ್ನೇ ನೋಡಿ.

ಫಾರ್ವರ್ಡ್ ಮಾಡುವ ಮುನ್ನ

ಬೆಂಗಳೂರಿನಿಂದ ಎರಡೂವರೆ ಗಂಟೆಯಲ್ಲಿ ಅಮೆರಿಕ ತಲುಪಬಹುದು: ಸುಳ್ಳು. ಟಿಕೆಟ್ಟಿನ ಮೇಲೆ ಎರಡೂವರೆ ಗಂಟೆಯ ವ್ಯತ್ಯಾಸ ಕಾಣಬಹುದು: ನಿಜ. ಭೂಮಿಯ ತಿರುಗುವಿಕೆ ವಿಮಾನವನ್ನು ತಳ್ಳುತ್ತದೆ: ಸುಳ್ಳು. ಎತ್ತರದ ಗಾಳಿ ಪ್ರಯಾಣವನ್ನು ಒಂದೆರಡು ಗಂಟೆ ಹೆಚ್ಚು ಕಡಿಮೆ ಮಾಡುತ್ತದೆ: ನಿಜ. ಧ್ರುವದ ಮೇಲೆ ವಿಮಾನ ಹಾರುವುದಿಲ್ಲ: ಸುಳ್ಳು.

ಗುಂಪಿನಲ್ಲಿ ಆ ಸಂದೇಶ ಮತ್ತೆ ಬಂದರೆ ಒಂದೇ ಸಾಲಿನ ಉತ್ತರ ಸಾಕು: "ಅದು ಎರಡು ಊರಿನ ಗಡಿಯಾರದ ಲೆಕ್ಕ, ಪ್ರಯಾಣ 16 ಗಂಟೆ. ಅಪ್ಪನ ರಾತ್ರಿ ಮಾತ್ರೆ ಕೈಚೀಲದಲ್ಲೇ ಇರಲಿ."